ಹಾರ್ಡ್ಲಿ, ನಿಯರ್ಲಿ ಮತ್ತು ‘ಇಲ್ಲೇ’

ರಾಣೇಬೆನ್ನೂರಿನ ನಮ್ಮ ಮನೆಯ ಪಡಸಾಲೆಯಲ್ಲಿ, ಕ್ಯಾಲೆಂಡರಿನ ಪಕ್ಕಕ್ಕೆ, ಕಟ್ಟಿಗೆಯ ಒಂದು ಗೂಟವಿದೆ. ಹಿಂದೆ ಅದಕ್ಕೆ ನನ್ನ ಕೊಡೆ ಜೋತುಬಿದ್ದಿರುತ್ತಿತ್ತು. ನಾನು ಶಾಲೆಯಿಂದ ನಿವೃತ್ತನಾದ ಮೇಲೆ ಕೊಡೆಯೂ ನಿವೃತ್ತಿ ಪಡೆದು ಮೂಲೆ ಸೇರಿತು. ಗೂಟಕ್ಕೆ ಕೆಲಸವಿಲ್ಲದಾಯಿತೇ ಎಂದು ನಾನು ಕನಿಕರಪಡುತ್ತಿರುವಾಗಲೇ ಗುರುವಾರ ಗುರುವಾರ ಒಂದು ಬಟ್ಟೆಯ ಕೈಚೀಲ ಬಂದು ಅಲ್ಲಿ ನೇತಾಡತೊಡಗಿತು. ಚೀಲದ ಬಾಯಲ್ಲಿ ಕೊತ್ತಂಬರಿ, ಕೊತ್ತಂಬರಿಯ ಕೆಳಗೆ ಮೆಂತ್ಯ, ಮೆಂತ್ಯದ ಕೆಳಗೆ ಹತ್ತನೆಯ ತರಗತಿಯ ಇಂಗ್ಲಿಷ್ ಪುಸ್ತಕ. ಚೀಲ ಬರುವುದು ಬ್ಯಾಡಗಿಯಿಂದಾದ್ದರಿಂದ ಪುಸ್ತಕ ತೆರೆದ ಕೂಡಲೇ ನನಗೆ ಎರಡು ಸೀನು ಬರುತ್ತಿದ್ದವು. ಆ ಊರಿನಿಂದ ಬಂದ ಯಾವ ವಸ್ತುವೂ, ಅದು ಲಗ್ನಪತ್ರಿಕೆಯೇ ಆಗಲಿ, ಮೆಣಸಿನಕಾಯಿಯ ಘಾಟನ್ನು ಬಿಟ್ಟು ಬಂದದ್ದನ್ನು ನಾನು ಕಂಡಿಲ್ಲ.

ಚೀಲ ನನ್ನ ಅಕ್ಕ ನೀಲಕ್ಕನದು. ನನಗಿಂತ ಐದು ವರ್ಷ ದೊಡ್ಡವಳು, ಅರವತ್ತು ದಾಟಿದವಳು. ಹುಡುಗಿಯಾಗಿದ್ದಾಗ ಎಸ್ಸೆಸ್ಸೆಲ್ಸಿಯಲ್ಲಿ ಎಲ್ಲ ವಿಷಯ ಗೆದ್ದು ಇಂಗ್ಲಿಷ್ ಒಂದರಲ್ಲಿ ಬಿದ್ದಳು. ‘ಒಂದ ಇಂಗ್ಲಿಷ್ ಹೋಗೇತಿ, ಹೋಗ್ಲಿ ಬಿಡು’ ಎಂದು ನಮ್ಮಪ್ಪ ಬ್ಯಾಡಗಿಯ ದಲಾಲಿ ಅಂಗಡಿಯ ಮನೆತನಕ್ಕೆ ಅವಳನ್ನು ಕೊಟ್ಟರು. ಅಕ್ಕನ ಗಂಡನನ್ನು ನಾವು ಮಾಮಾ ಎನ್ನುತ್ತೇವೆ. ಮಾಮಾ ನೋಡಲು ಸಿಡುಕರು, ಒಳಗೆ ಅಷ್ಟೇನೂ ಇಲ್ಲ. ಬ್ಯಾಡಗಿಯ ಮೆಣಸಿನಕಾಯಿಯೂ ಹಾಗೆಯೇ, ಬಣ್ಣಕ್ಕೆ ಹೆದರಿದವನು ಖಾರಕ್ಕೆ ಹೆದರಬೇಕಾಗಿಲ್ಲ. ಆದರೆ ಅವರಿಗೆ ಒಂದು ಮಾತು ಅಂಟಿಕೊಂಡಿತ್ತು. ಹೊರಗಿನ ವ್ಯಾಪಾರಿಗಳು ಮನೆಗೆ ಬಂದಾಗ, ಅಕ್ಕ ಚಹದ ತಟ್ಟೆ ಹಿಡಿದು ಪಡಸಾಲೆಗೆ ಕಾಲಿಟ್ಟ ಕೂಡಲೇ, ‘ಇಕಿ ನಮ್ಮ ಮನಿಯಾಕಿ ನೋಡ್ರಿ. ಎಸ್ಸೆಸ್ಸೆಲ್ಸಿ ಫೇಲ್, ಮಿರ್ಚಿ ಭಜಿ ಮಾಡೂದ್ರಾಗ ಫಸ್ಟ್ ಕ್ಲಾಸ್’ ಎನ್ನುವರು. ವ್ಯಾಪಾರಿಗಳು ನಗುವರು. ಅಕ್ಕನೂ ನಗುವಳು. ಮದುವೆಯಾದ ವರ್ಷ ಹುಟ್ಟಿದ ಈ ಮಾತು ಅವರ ಮಕ್ಕಳ ಜೊತೆ ಬೆಳೆದು, ಮಕ್ಕಳೆಲ್ಲ ಮದುವೆಯಾಗಿ ತಮ್ಮ ತಮ್ಮ ಮನೆ ಸೇರಿದರೂ ತಾನು ಮಾತ್ರ ಮನೆಯಲ್ಲೇ ಉಳಿದಿತ್ತು.

ನನ್ನ ನಿವೃತ್ತಿಯ ಮರುವಾರವೇ ಅಕ್ಕ ಬಂದಳು. ಚಹ ಕುಡಿಯಲಿಲ್ಲ. ‘ತಮ್ಮಾ, ನಿನಗಿನ್ನ ಮಾಡಾಕ ಕೆಲಸ ಇಲ್ಲಲಾ?’ ಎಂದಳು. ಇಲ್ಲವೆಂದು ಒಪ್ಪಿಕೊಂಡೆ. ‘ಹಂಗಾರ ನನಗ ಇಂಗ್ಲಿಷ್ ಹೇಳಿಕೊಡು. ಹಳೇ ಮಾರ್ಕ್ಸ್ ಈಗ ನಡಿಯಂಗಿಲ್ಲಂತ, ಎಲ್ಲಾ ಹೊಸದಾಗಿ ಬರೀಬೇಕು. ಉಳದಿದ್ದೆಲ್ಲ ನಾ ಓದಕೋತೀನಿ. ಅದೊಂದ ಮಾತು ನಾ ಸಾಯೂದರಾಗ ಆ ಮನ್ಯಾಗ ನಿಂದರಬೇಕು.’

ಯಾವ ಮಾತು ಎಂದು ನಾನು ಕೇಳಲಿಲ್ಲ. ಅಷ್ಟು ವರ್ಷ ಅವಳೂ ನಗುತ್ತಿದ್ದಳಲ್ಲ ಎಂದುಕೊಂಡೆ. ನಗುವುದಕ್ಕೂ ನಕ್ಕು ಮುಗಿಸುವುದಕ್ಕೂ ವ್ಯತ್ಯಾಸವಿದೆ ಎಂಬುದು ಅವಳ ಮುಖ ನೋಡಿದಾಗ ತಿಳಿಯಿತು. ನನಗೆ ಬಹಳ ಸಂಕಟವಾಯಿತು. ‘ಜನ ಅರವತ್ತಕ್ಕ ಅರಳು ಮರಳು ಅಂತಾರ’ ಎಂದು ಅವಳೇ ಸಮಾಧಾನ ಹೇಳಿದಳು, ‘ನನಗ ಅರವತ್ತಕ್ಕ ಇಂಗ್ಲಿಷ್ ಅಂತ ತಿಳಕೋ.’

ಒಂದು ಷರತ್ತಿತ್ತು. ಪಾಸಾಗುವ ತನಕ ಮಾಮಾಗೆ ಗೊತ್ತಾಗಕೂಡದು. ಮತ್ತೊಮ್ಮೆ ಬಿದ್ದರೆ ಹಳೆಯ ಮಾತಿಗೆ ಹೊಸ ಬಾಲ ಬೆಳೆಯುತ್ತದೆ ಎಂಬ ಭಯ. ಪ್ರತಿ ವಾರ ಮನೆ ಬಿಟ್ಟು ಬಂದರೆ ಗೊತ್ತಾಗದೆ ಇರುತ್ತದೆಯೇ ಎಂದು ನೀವು ಕೇಳಬಹುದು. ನಮ್ಮ ಕಡೆಯ ರಿವಾಜು ನಿಮಗೆ ತಿಳಿದಿದ್ದರೆ ಕೇಳುತ್ತಿರಲಿಲ್ಲ. ಚಪ್ಪಲಿ ಮೆಟ್ಟಿ ಹೊಸ್ತಿಲು ದಾಟುವವರನ್ನು ‘ಎಲ್ಲಿಗೆ?’ ಎಂದು ಕೇಳುವುದು ನಮ್ಮಲ್ಲಿ ಅಪಶಕುನ. ಕೇಳಿದರೆ ಹೋದ ಕೆಲಸಕ್ಕೆ ಕೊಕ್ಕೆ ಬೀಳುತ್ತದೆ. ಹಾಗೆಂದು ಕುತೂಹಲವನ್ನು ನುಂಗಿ ಕೂಡ್ರುವ ಜನರೂ ನಾವಲ್ಲ. ಆದ್ದರಿಂದ ಹಿರಿಯರು ಒಂದು ಒಳದಾರಿ ಹುಡುಕಿಟ್ಟಿದ್ದಾರೆ. ‘ಏನ್ರಿ, ದೂರ ಹೊಂಟಂಗೈತಿ?’ ಎಂದು ಕೇಳಬಹುದು. ಅದಕ್ಕೆ ಇರುವುದು ಒಂದೇ ಉತ್ತರ: ‘ಇಲ್ಲೇ.’ ಹಾವೇರಿಯ ಕೋರ್ಟಿಗೆ ಹೊರಟವನೂ ಇಲ್ಲೇ, ಹುಬ್ಬಳ್ಳಿಯ ದವಾಖಾನೆಗೆ ಹೊರಟವನೂ ಇಲ್ಲೇ. ನಮ್ಮ ಓಣಿಯ ಒಬ್ಬ ಮುದುಕ ಕಾಶಿಗೆ ಹೋಗಿ ಬಂದ. ಹೋಗುವಾಗ ಅವನೂ ಇಲ್ಲೇ ಎಂದೇ ಹೋಗಿದ್ದ. ಗುರುವಾರ ಬ್ಯಾಡಗಿಯಲ್ಲಿ ಮಾರುಕಟ್ಟೆಯ ದಿನ. ಮೆಣಸಿನಕಾಯಿ ಹರಾಜಿನ ಯಾರ್ಡಿಗೆ ಹೋಗುವ ಗಡಿಬಿಡಿಯಲ್ಲಿ ಮಾಮಾ ‘ದೂರ ಹೊಂಟಂಗೈತಿ?’ ಎನ್ನುವರು, ಅಕ್ಕ ‘ಇಲ್ಲೇರಿ’ ಎನ್ನುವಳು. ಕೇಳದ ಪ್ರಶ್ನೆಗೂ ಉತ್ತರವಿರಲಿ, ತಮ್ಮನ ಮನೆಗೆ ಸೊಪ್ಪು ಒಯ್ಯುತ್ತಿದ್ದಾಳೆಂದು ತಿಳಿಯಲಿ ಎಂದು ಪುಸ್ತಕದ ಮೇಲೆ ಹಿತ್ತಲಿನ ಕೊತ್ತಂಬರಿ ಹೊದಿಸುವಳು. ಹೀಗೆ ಒಂದು ಕ್ರಿಯಾವಿಶೇಷಣದ ಮರೆಯಲ್ಲಿ ನಮ್ಮ ಶಾಲೆ, ಅಕ್ಕನ ಬಾಯಲ್ಲಿ ‘ಸಾಲಿ’, ನಡೆಯಿತು.

ಕ್ರಿಯಾವಿಶೇಷಣವೆಂದರೆ ಕೆಲಸ ಹೇಗೆ ನಡೆಯಿತು, ಎಲ್ಲಿ ನಡೆಯಿತು, ಎಷ್ಟು ನಡೆಯಿತು ಎಂದು ಚಾಡಿ ಹೇಳುವ ಪದ. ಅಕ್ಕ ಎಡವಿದ್ದು ಅಲ್ಲಿಯೇ. ‘ಸ್ಲೋ’ಗೆ ಲಿ ಹಚ್ಚಿದರೆ ‘ಸ್ಲೋಲಿ’, ಸಾವಕಾಶ. ‘ಕ್ವಿಕ್’ಗೆ ಹಚ್ಚಿದರೆ ‘ಕ್ವಿಕ್ಲಿ’, ಲಗೂನ. ಇಲ್ಲಿಯವರೆಗೆ ಇಂಗ್ಲಿಷರು ಸಭ್ಯರೇ. ಆಮೇಲೆ ನಾನು ‘ಹಾರ್ಡ್’ ತೆಗೆದೆ. ‘ಹಿ ವರ್ಕ್ಸ್ ಹಾರ್ಡ್’ ಎಂದರೆ ಅವನು ಮೈಮುರಿದು ದುಡಿಯುತ್ತಾನೆ. ‘ಹಿ ಹಾರ್ಡ್ಲಿ ವರ್ಕ್ಸ್’ ಎಂದರೆ ಅವನು ಕಡ್ಡಿ ಎತ್ತಿ ಆಚೆ ಇಡುವುದಿಲ್ಲ. ಅಕ್ಕ ಪುಸ್ತಕ ಮುಚ್ಚಿದಳು.

‘ಲಿ ಹಚ್ಚಿದ್ರ ದುಡಿಯೂದ ಬಿಡ್ತಾನ?’

‘ಹೂಂ ಅಕ್ಕಾ.’

‘ಯಾಕ?’

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಇಂಗ್ಲಿಷ್ ಕಲಿಸಿದ ನನಗೆ ಈ ‘ಯಾಕ’ಕ್ಕೆ ಉತ್ತರ ಗೊತ್ತಿರಲಿಲ್ಲ. ಶಾಲೆಯಲ್ಲಾಗಿದ್ದರೆ ‘ಸುಮ್ನ ಬರ್ಕೋ’ ಎಂದು ಮುಗಿಸುತ್ತಿದ್ದೆ. ಇವಳು ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಸುಮ್ಮನಿರು ಎನ್ನುವ ಅಧಿಕಾರ ಅವಳದೇ ಹೊರತು ನನ್ನದಲ್ಲ. ಇದು ರೂಢಿ, ಕಾರಣ ಕೇಳಬಾರದು ಎಂದೆ. ರೂಢಿ ಎಂದ ಕೂಡಲೇ ಅಕ್ಕನ ಮುಖ ತಿಳಿಯಾಯಿತು. ಎಲೆ ಅಡಿಕೆ ಹಾಕಿಕೊಂಡು, ‘ತಿಳೀತು ಬಿಡು. ಹಾರ್ಡ್ ಅಂದ್ರ ತವರಮನಿ ಹೆಸರು. ಲಿ ಅಂದ್ರ ಗಂಡನ ಮನಿ ಅಡ್ಡಹೆಸರು. ಕೆಲವರು ಅಡ್ಡಹೆಸರು ಹಚ್ಚಿಕೊಂಡ್ರೂ ಹಂಗ ಇರ್ತಾರ, ಕೆಲವರು ಗುರ್ತ ಸಿಗೂದಿಲ್ಲ’ ಎಂದಳು. ಈ ವಿವರಣೆ ವ್ಯಾಕರಣದ ಯಾವ ಪುಸ್ತಕದಲ್ಲೂ ಇಲ್ಲ. ಇದ್ದಿದ್ದರೆ ನನ್ನ ವಿದ್ಯಾರ್ಥಿಗಳು ಇಷ್ಟು ಜನ ಬೀಳುತ್ತಿರಲಿಲ್ಲ.

ಅಂದಿನಿಂದ ಅವಳ ಕಲಿಕೆ ಸಂಬಂಧ ನೋಡುವ ಶಾಸ್ತ್ರದಂತೆ ನಡೆಯಿತು. ಪ್ರತಿ ಪದಕ್ಕೂ, ‘ಇಕಿ ಹೆಂಗ? ಲಗ್ನಾದ ಮ್ಯಾಲ ಬದಲಾದ್ಲೇನು?’ ಎನ್ನುವಳು. ‘ಹೈ’ ಎಂದರೆ ಎತ್ತರ. ‘ಹೈಲಿ’ ಎಂದರೆ ಬಹಳ. ಗಾಳಿಪಟ ಹೈ ಹಾರುತ್ತದೆ, ಹೈಲಿ ಹಾರುವುದಿಲ್ಲ. ‘ಲೇಟ್’ ಎಂದರೆ ತಡವಾಗಿ. ‘ಲೇಟ್ಲಿ’ ಎಂದರೆ ಇತ್ತೀಚೆಗೆ. ‘ನಿಯರ್’ ಎಂದರೆ ಹತ್ತಿರ. ‘ನಿಯರ್ಲಿ’ ಎಂದರೆ ಇನ್ನೇನು ಆಗಿಯೇ ಬಿಡುತ್ತಿತ್ತು, ಆಗಲಿಲ್ಲ. ಕನ್ನಡದ ಬಾಯಿಗೆ ಬಂದ ಲಿಗಳ ಪಾಡು ಇನ್ನೊಂದು ಥರ. ಹಾವೇರಿಯ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಬರುತ್ತದೆಯೇ ಎಂದು ಕೇಳಿ ನೋಡಿ. ‘ಮೋಸ್ಟ್ಲಿ ಬರ್ತೈತ್ರಿ’ ಎನ್ನುತ್ತಾರೆ. ಇಂಗ್ಲಿಷರ ಮೋಸ್ಟ್ಲಿಗೆ ಬಹುಪಾಲು ಎಂದರ್ಥ. ನಮ್ಮ ಮೋಸ್ಟ್ಲಿಗೆ ದೇವರೇ ಬಲ್ಲ ಎಂದರ್ಥ. ಇದನ್ನು ತಿದ್ದಲು ಒಮ್ಮೆ ನಾನು ವಿಚಾರಣೆಯ ಕಿಟಕಿಯ ಮುಂದೆ ನಿಂತು ವ್ಯತ್ಯಾಸ ವಿವರಿಸಿದ್ದುಂಟು. ಅಷ್ಟರಲ್ಲಿ ಬಸ್ಸು ಬಂದು ಹೋಗಿತ್ತು.

ವಾಕ್ಯ ರಚಿಸು ಎಂದರೆ ಅಕ್ಕ ದೂರ ಹುಡುಕುತ್ತಿರಲಿಲ್ಲ. ಮೈಮುರಿದು ದುಡಿಯುವವರು ಯಾರ್ಡಿನ ಹಮಾಲರು, ಕಡ್ಡಿ ಎತ್ತಿಡದವರು ಮಾಮಾ; ತಡವಾಗಿ ಮನೆಗೆ ಬರುವವರೂ ಮಾಮಾ. ಮೆಣಸಿನಕಾಯಿ ಸುಗ್ಗಿಯಲ್ಲಿ ಮಾಮಾ ನಿಂತಲ್ಲಿ ಉಣ್ಣುವಷ್ಟು ದುಡಿಯುತ್ತಾರೆಂಬುದು ನನಗೂ ಗೊತ್ತು, ಅವಳಿಗೂ ಗೊತ್ತು. ಆದರೆ ವ್ಯಾಕರಣ ಸರಿಯಿತ್ತು. ನಾನು ಸರಿ ಗುರುತು ಹಾಕಿದೆ.

ಪರೀಕ್ಷೆ ಬಂತು. ಹಾವೇರಿಯ ಒಂದು ಹೈಸ್ಕೂಲು ಅವಳ ಕೇಂದ್ರ. ಬೇರೆ ವಿಷಯಗಳಿಗೆ ಅವಳು ‘ಇಲ್ಲೇ’ ಎಂದು ಹೇಳಿ ರೈಲು ಹತ್ತಿ ಹೋಗಿ, ಬರೆದು, ಸಂಜೆಯ ರೊಟ್ಟಿಗೆ ಮನೆಯಲ್ಲಿದ್ದಳು. ಕೊನೆಯದು ಇಂಗ್ಲಿಷ್. ಅದು ಬಿದ್ದದ್ದು ಮಾರುಕಟ್ಟೆಯ ದಿನ, ಅದೂ ಭರ್ತಿ ಸುಗ್ಗಿಯಲ್ಲಿ. ಊರಿಗೆ ಊರೇ ಚೀಲಗಳ ನಡುವೆ ಕೆಮ್ಮುತ್ತ ಓಡಾಡುವ ದಿನ. ಅಂದು ಬೆಳಿಗ್ಗೆ ಅಕ್ಕ ಚೀಲ ಹಿಡಿದು ಹೊಸ್ತಿಲಿಗೆ ಬಂದರೆ, ಯಾರ್ಡಿನಲ್ಲಿರಬೇಕಾದ ಮಾಮಾ ಇಸ್ತ್ರಿ ಅಂಗಿ ತೊಟ್ಟು ಕಾರು ಒರೆಸುತ್ತಿದ್ದರು.

‘ದೂರ ಹೊಂಟಂಗೈತಿ?’ ಎಂದರು.

‘ಇಲ್ಲೇರಿ.’

‘ನಾನೂ ಇಲ್ಲೇ ಹೊಂಟೇನಿ. ಹತ್ತು.’

ಮೋಟೆಬೆನ್ನೂರು ದಾಟಿ, ಹೆದ್ದಾರಿಯ ಲಾರಿಗಳನ್ನು ಹಿಂದೆ ಹಾಕಿ, ಹಾವೇರಿ ಹೊಕ್ಕು, ಯಾರನ್ನೂ ದಾರಿ ಕೇಳದೆ ನೇರ ಆ ಹೈಸ್ಕೂಲಿನ ಗೇಟಿನೆದುರು ಕಾರು ನಿಲ್ಲಿಸಿದರು. ಅಕ್ಕ ಇಳಿಯದೆ, ಯಾವಾಗಿನಿಂದ ಗೊತ್ತು ಎಂದು ಕೇಳಿದಳು.

‘ದೀಪಾವಳಿ ಮುಂದಿಂದ. ರೊಟ್ಟಿ ಬಡಿಯೂಮುಂದ ಹಾರ್ಡ್, ಹಾರ್ಡ್ಲಿ ಅಂತ ಅಂತಿದ್ದಿ. ಮದ್ಲ, ರೊಟ್ಟಿ ಬಿರುಸಾದವು ಅಂತೀದಿ ಅನಕೊಂಡೆ. ಆಮ್ಯಾಲ ನಿಯರ್, ನಿಯರ್ಲಿ ಅಂದಿ. ರೊಟ್ಟಿಗೆ ಯಾರೂ ಹಂಗ ಅನ್ನಂಗಿಲ್ಲ.’

‘ಮತ್ತ ಒಮ್ಮೆರ ಎಲ್ಲಿಗೆ ಅಂತ ಕೇಳಲಿಲ್ಲಲ್ರಿ?’

‘ಕೇಳಿ ಕೊಕ್ಕಿ ಹಾಕ್ಲೇನು?’ ಎಂದು ಮಾಮಾ ಸಿಡುಕಿದರು. ‘ಎಲ್ಲಿಗೆ ಅಂತ ನಿನ್ನ ಹಾಲ್ ಟಿಕೆಟ್ನ್ಯಾಗ ಬರದೈತಿ. ನಡಿ, ಗಂಟಿ ಬಾರಸ್ತಾರ.’

ಗೇಟಿನಲ್ಲಿ ನಿಂತ ಮಾಸ್ತರರು ‘ಯಾರನ್ನ ಬಿಡಾಕ ಬಂದೀರಿ ಅಮ್ಮಾರ?’ ಎಂದು ಕೇಳಿದಾಗ ‘ನನ್ನನ್ನ’ ಎಂದು ಹೇಳಿ ಅವಳು ಒಳಗೆ ಹೋದಳು. ಕೋಣೆಯ ಹುಡುಗಿಯರು ಮೇಲ್ವಿಚಾರಕರು ಬಂದರೆಂದು ಎದ್ದು ನಿಂತರು. ಕುಂದ್ರಿ ಎಂದು ಕೈಸನ್ನೆ ಮಾಡಿ, ತಾನೂ ಒಂದು ಬೆಂಚಿನಲ್ಲಿ ಕುಳಿತು, ಪ್ರಶ್ನೆಪತ್ರಿಕೆಗಾಗಿ ಕಾಯುವಾಗ ಅವಳಿಗೆ ಒಂದು ಸಂಗತಿ ಹೊಳೆಯಿತಂತೆ. ದೀಪಾವಳಿಯಿಂದೀಚೆಗೆ ಮನೆಗೆ ಎಷ್ಟೋ ವ್ಯಾಪಾರಿಗಳು ಬಂದು ಹೋಗಿದ್ದಾರೆ. ಅವಳು ಚಹ ಒಯ್ದಿದ್ದಾಳೆ. ಆ ಮಾತಿಗಾಗಿ ಎದೆ ಗಟ್ಟಿ ಮಾಡಿಕೊಂಡೇ ಹೊಸ್ತಿಲು ದಾಟಿದ್ದಾಳೆ, ಸಿಟ್ಟು ಹೊತ್ತುಕೊಂಡೇ ಒಳಗೆ ಬಂದಿದ್ದಾಳೆ. ಆದರೆ ಮಾಮಾ ಆ ಮಾತನ್ನು ಆಡಿಯೇ ಇರಲಿಲ್ಲ. ಆಡದೆ ಬಿಟ್ಟದ್ದು ಅವಳ ಕಿವಿಗೆ ಬಿದ್ದಿರಲಿಲ್ಲ, ಅಷ್ಟೆ.

ಗೆಳೆಯರೇ, ನಾನು ಈ ಭಾಗವನ್ನು ಬಹಳ ದಿನ ಯೋಚಿಸಿದ್ದೇನೆ. ಲೇಟ್ ಮತ್ತು ಲೇಟ್ಲಿಯ ನಡುವಿನ ವ್ಯತ್ಯಾಸವನ್ನು ಮಕ್ಕಳಿಗೆ ಹೇಳಿ ಹೇಳಿ ಸವೆದ ನಾನು, ಅದು ಒಂದು ಸಂಸಾರದಲ್ಲಿ ಹೇಗಿರುತ್ತದೆಂದು ನೋಡಿರಲಿಲ್ಲ. ಮನುಷ್ಯರು ತಡವಾಗಿ ತಿದ್ದಿಕೊಳ್ಳುತ್ತಾರೆ. ಹಾಗೆ ತಿದ್ದಿಕೊಂಡದ್ದನ್ನು ನಾವು ಗಮನಿಸುವುದು ಅದಕ್ಕಿಂತ ತಡ. ಆಡಿದ ಮಾತಿಗೆ ಸದ್ದಿದೆ, ಆಡದ ಮಾತಿಗಿಲ್ಲ. ನಿನ್ನೆ ಕೇಳಿದ ಬೈಗುಳ ಇವತ್ತೂ ಕೇಳಿಸುತ್ತಿರುವಾಗ ಇವತ್ತಿನ ಮೌನಕ್ಕೆ ಯಾರು ಕಿವಿಗೊಡುತ್ತಾರೆ? ಮಾಮಾ ಒಂದು ಸಲವಾದರೂ ‘ತಪ್ಪಾತು’ ಎನ್ನಬಹುದಾಗಿತ್ತು ಎಂದು ನನಗೆ ಸಿಟ್ಟೂ ಇದೆ. ಆದರೆ ದಲಾಲಿ ಅಂಗಡಿಯವರು. ಮಾಲು ಹಿಂದಕ್ಕೆ ತೆಗೆದುಕೊಂಡಾರು, ಮಾತು ಹಿಂದಕ್ಕೆ ತೆಗೆದುಕೊಳ್ಳುವ ರೂಢಿ ಅವರಲ್ಲಿಲ್ಲ.

ಫಲಿತಾಂಶ ಬಂತು. ಬೇರೆ ಎಲ್ಲ ವಿಷಯಗಳಲ್ಲಿ ಅಕ್ಕ ಸಲೀಸಾಗಿ ಪಾಸು. ಇಂಗ್ಲಿಷಿನಲ್ಲಿ ಫೇಲು. ಕಡಿಮೆಬಿದ್ದ ಅಂಕಗಳನ್ನು ಎಣಿಸಲು ಒಂದು ಕೈಯ ಬೆರಳುಗಳೇ ಹೆಚ್ಚಾಗುತ್ತಿದ್ದವು.

ಫೋನಿನಲ್ಲಿ ಅವಳು ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ವಾಸಿಯಿತ್ತು. ‘ಆತು ತಮ್ಮಾ’ ಎಂದು ಇಟ್ಟಳು. ನನ್ನ ಹೆಂಡತಿ ಅಂದು ಮಾಡಿದ ಅಡುಗೆಗೆ ಉಪ್ಪು ಹಾಕಿದ್ದಳೋ ಇಲ್ಲವೋ ನನಗೆ ತಿಳಿಯಲಿಲ್ಲ. ನನ್ನ ಸೇವಾವಧಿಯಲ್ಲಿ ಬಿದ್ದ ಮಕ್ಕಳೆಷ್ಟೋ. ಅವರ ಮನೆಗಳಲ್ಲಿ ಅಂದು ಹೇಗಿತ್ತೆಂದು ಅರವತ್ತು ದಾಟಿದ ಮೇಲೆ ಮೊದಲ ಬಾರಿಗೆ ಯೋಚಿಸಿದೆ. ಈಗ ಸರ್ಕಾರ ಅದೇ ವರ್ಷ ಮತ್ತೊಮ್ಮೆ ಬರೆಯಲು ಅವಕಾಶ ಕೊಡುತ್ತದೆ. ಆದರೆ ಅದನ್ನು ಅಕ್ಕನಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಗುರುವಾರ ಬಂತು. ಅವಳು ಬರುವುದಿಲ್ಲವೆಂದುಕೊಂಡು ಮೂಲೆಯ ಕೊಡೆಯನ್ನು ತಂದು ಗೂಟಕ್ಕೆ ಹಾಕಿದೆ.

ಅದೇ ಹೊತ್ತಿಗೆ ಬ್ಯಾಡಗಿಯಲ್ಲಿ ನಡೆದದ್ದನ್ನು ಆಮೇಲೆ ಮಾಮಾ ಫೋನಿನಲ್ಲಿ ಹೇಳಿದರು. ಹೊರಗಿನ ವ್ಯಾಪಾರಿಗಳಿಬ್ಬರು ಕಟ್ಟೆಯ ಮೇಲೆ ಕುಳಿತು ಚಹ ಕುಡಿಯುತ್ತಿದ್ದರು. ಅಕ್ಕ ಚೀಲ ಹಿಡಿದು ಹೊರಗೆ ಬಂದಳು. ಮಾಮಾ ರೂಢಿಯಂತೆ ‘ದೂರ ಹೊಂಟಂಗೈತಿ?’ ಎಂದರು.

ಅಕ್ಕ ಹೊಸ್ತಿಲ ಮೇಲೆಯೇ ನಿಂತುಬಿಟ್ಟಳು.

‘ಎಲ್ಲಿಗೆ ಅಂತ ಕೇಳ್ರಿ.’

ಮಾಮಾ ಕಕ್ಕಾಬಿಕ್ಕಿಯಾದರು. ಹೊರಟು ನಿಂತವರಿಗೆ, ಅದೂ ಮನೆಯ ಲಕ್ಷ್ಮಿಗೆ, ಅದೂ ಪರಊರಿನವರ ಎದುರಿಗೆ! ‘ಏ, ಹಂಗ ಕೇಳಬಾರದು’ ಎಂದರು.

‘ಬೀಳೂ ಕೊಕ್ಕಿ ಬಿದ್ದಾತಲ್ರಿ. ಇನ್ನೇನು ಬೀಳ್ತೈತಿ? ಕೇಳ್ರಿ.’

ವ್ಯಾಪಾರಿಗಳು ಬಸಿಯಲ್ಲಿ ಚಹ ಹಿಡಿದುಕೊಂಡು ಕಾಯುತ್ತಿದ್ದರು. ಮಾಮಾ ಗಂಟಲು ಸರಿಮಾಡಿಕೊಂಡು, ಹಿರಿಯರ ಕ್ಷಮೆ ಬೇಡುವವರಂತೆ ಒಮ್ಮೆ ದೇವರಕೋಣೆಯ ಕಡೆ ನೋಡಿ, ಕೇಳಿದರು: ‘ಎಲ್ಲಿಗೆ ಹೊಂಟಿ?’

‘ಸಾಲಿಗೆ’ ಎಂದಳು ಅಕ್ಕ. ಓಣಿಗೆ ಓಣಿಯೇ ಕೇಳುವಂತೆ ಹೇಳಿದಳಂತೆ. ಹೇಳಿ, ಚಪ್ಪಲಿ ಮೆಟ್ಟಿ, ಹಿಂದಿರುಗಿ ನೋಡದೆ ಸ್ಟೇಷನ್ನಿನ ಹಾದಿ ಹಿಡಿದಳು. ವ್ಯಾಪಾರಿಯೊಬ್ಬ ಏನೆಂದು ವಿಚಾರಿಸಿದ. ಮಾಮಾ ಬಾಯಿ ತೆರೆದರು. ಅಭ್ಯಾಸದ ಮಾತು ನಾಲಿಗೆಯ ತುದಿಯವರೆಗೂ ಬಂತು. ಈಗಂತೂ ಅದಕ್ಕೆ ಹೊಸ ಪುರಾವೆಯೂ ಇತ್ತು.

‘ನಮ್ಮ ಮನಿಯಾಕಿರಿ’ ಎಂದರು. ‘ಎಸ್ಸೆಸ್ಸೆಲ್ಸಿ ಓದಾಕತ್ಯಾಳ.’

ಇದನ್ನು ನನಗೆ ಹೇಳುವಾಗ ಮಾಮಾ ಎರಡು ಸಲ ಕೆಮ್ಮಿದರು. ಕೇಳಿದ್ದಕ್ಕೆ, ಯಾರ್ಡಿನ ಘಾಟು ಎಂದರು.

ನಮ್ಮ ಮನೆಗೆ ಬಂದ ಅಕ್ಕ ಗೂಟದ ಮೇಲಿನ ಕೊಡೆ ನೋಡಿದಳು. ಅದನ್ನು ತೆಗೆದು ನನ್ನ ಕೈಗೆ ಕೊಟ್ಟು ಚೀಲ ತೂಗುಹಾಕಿದಳು. ಅಂದು ಚೀಲದ ಬಾಯಲ್ಲಿದ್ದದ್ದು ಪುಸ್ತಕ. ಅದರ ಭಾರಕ್ಕೆ ಕೆಳಗೆ ಸಿಕ್ಕ ಮೆಂತ್ಯ, ಕೊತ್ತಂಬರಿ ಎರಡೂ ಜಜ್ಜಿಹೋಗಿದ್ದವು. ನನ್ನ ಹೆಂಡತಿ ಕೊತ್ತಂಬರಿಯನ್ನು ಚಟ್ನಿಗೆ ಒಯ್ದಳು. ನಾನು ಸೀನಿ, ಕಣ್ಣೊರೆಸಿಕೊಂಡು, ಪುಸ್ತಕ ತೆರೆದೆ. ಎಲ್ಲಿಂದ ಶುರುಮಾಡುವುದೆಂದು ತಿಳಿಯದೆ, ಹಳೆಯದನ್ನೇ ಒಮ್ಮೆ ತಿರುವಿಹಾಕೋಣವೆಂದು, ‘ಅಕ್ಕಾ, ನಿಯರ್ಲಿ ಅಂದ್ರ...’ ಎಂದು ಆರಂಭಿಸಿದೆ.

ಅಕ್ಕ ಕೈ ಅಡ್ಡ ಮಾಡಿದಳು.

‘ಅದು ನನಗ ಬರ್ತೈತಿ’ ಎಂದಳು. ‘ಮುಂದಿಂದು ಹೇಳು.’